ನಾತದ ಹುಳ ಯಾರದು?

ನನಗೆ ಒಂದು ನಾತದ ಮೇಲೆ ಪ್ರೀತಿಯಿದೆ. ಮಲ್ಲಿಗೆ, ಮೊದಲ ಮಳೆಯ ಮಣ್ಣು, ಆಗ ತಾನೇ ಹುರಿದ ಕಾಫಿಬೀಜ, ಇವುಗಳ ವಾಸನೆ ಇಷ್ಟ ಎಂದವರನ್ನು ಜನ ರಸಿಕರೆಂದು ಕರೆಯುತ್ತಾರೆ. ಹುಳದ ನಾತ ಇಷ್ಟ ಎಂದವನ ಪಕ್ಕದಿಂದ ಮೆಲ್ಲಗೆ ಎದ್ದು ಹೋಗುತ್ತಾರೆ. ಆದ್ದರಿಂದ ಈ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳಬಹುದು ಅನಿಸಿತು.

ಆ ಹುಳ ನಿಮಗೂ ಗೊತ್ತಿರುತ್ತದೆ. ಅವರೆಕಾಯಿ ಬಿಡಿಸುವಾಗ ಬೆರಳಿಗೆ ಸಿಕ್ಕಿ ಇಡೀ ಮೊರವನ್ನು ಕೆಡಿಸಿಬಿಡುತ್ತದಲ್ಲ, ಅದೇ ಜಾತಿಯದು. ಗುರಾಣಿಯ ಆಕಾರ, ಚಪ್ಪಟೆ ಬೆನ್ನು. ಮುಟ್ಟಿದರೆ ಸಾಕು, ಕೊತ್ತಂಬರಿ ಸೊಪ್ಪನ್ನು ಸೀಮೆಎಣ್ಣೆಯಲ್ಲಿ ತೊಳೆದಂಥ ನಾತ. ಸೋಪು ಹಾಕಿ ಉಜ್ಜಿದರೆ ಸೋಪಿನದೂ ಹುಳದ್ದೂ ಸೇರಿ ಮೂರನೆಯದೊಂದು ವಾಸನೆ ಹುಟ್ಟುತ್ತದೆಯೇ ಹೊರತು ಯಾವುದೂ ಹೋಗುವುದಿಲ್ಲ. ಕೊತ್ತಂಬರಿಗೆ ಗ್ರೀಕರು ಇಟ್ಟ ಹೆಸರಿನೊಳಗೆ ತಿಗಣೆ ಕೂತಿದೆ ಎಂದು ಎಲ್ಲೋ ಓದಿದ್ದೆ. ನಮ್ಮ ಸಾರಿನ ಮೇಲೆ ಉದುರಿಸುವ ಸೊಪ್ಪನ್ನು ಮೂಸಿದಾಗ ಆ ದೊಡ್ಡ ತತ್ವಜ್ಞಾನಿಗಳ ನಾಡಿನವರಿಗೆ ಹುಳ ನೆನಪಾಯಿತಂತೆ. ನನಗೆ ಹುಳ ಮೂಸಿದಾಗ ನನ್ನ ಅಕ್ಕ ನೆನಪಾಗುತ್ತಾಳೆ. ಅವರಿಗಿಂತ ನನ್ನ ಸ್ಥಿತಿ ವಾಸಿ.

ಆಗ ನಾನು ಶಿರಾದ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ಅಕ್ಕನನ್ನು ಕೊಟ್ಟಿದ್ದು ಮಧುಗಿರಿ ತಾಲ್ಲೂಕಿನ ಪುರವರದ ಕಡೆಯ ಒಂದು ಹಳ್ಳಿಗೆ. ರಜೆ ಬಂದರೆ ಮಧುಗಿರಿಯಲ್ಲಿ ಬಸ್ಸು ಬದಲಿಸಿ ಅವಳ ಮನೆಗೆ ಹೋಗಿಬಿಡುತ್ತಿದ್ದೆ. ನಾನು ಹೇಳಹೊರಟಿರುವುದು ಒಂದು ದಸರಾ ರಜೆಯಲ್ಲಿ ನಡೆದದ್ದು. ಅಕ್ಕನನ್ನು ಕೇಳಿದರೆ ಗೌರಿಹಬ್ಬ ಎನ್ನುತ್ತಾಳೆ. ಇರಲಿ. ನೆನಪುಗಳ ಮೇಲೆ ನನಗೆ ಹೆಚ್ಚು ನಂಬಿಕೆಯಿಲ್ಲ, ಅದರಲ್ಲೂ ಚೊಕ್ಕಟವಾಗಿ ಜೋಡಿಸಿಟ್ಟ ನೆನಪುಗಳ ಮೇಲೆ. ಅಂಥ ನೆನಪಿನೊಳಗೆ ಕಾಲಿಟ್ಟರೆ, ನಮಗಿಂತ ಮೊದಲು ಯಾರೋ ಬಂದು ಗುಡಿಸಿ ರಂಗೋಲಿ ಹಾಕಿ ಹೋಗಿದ್ದಾರೆ ಅನಿಸುತ್ತದೆ. ಈ ಕಥೆಯಲ್ಲಿ ಅಲ್ಲಲ್ಲಿ ಕಸ ಉಳಿದಿದ್ದರೆ ಅದು ನಿಜ ಅಂದುಕೊಳ್ಳಿ.

ಅಕ್ಕ ರೇಷ್ಮೆಹುಳ ಸಾಕುತ್ತಿದ್ದಳು. ನಡುಮನೆಯನ್ನೇ ಹುಳಕ್ಕೆ ಬಿಟ್ಟುಕೊಟ್ಟು ಅಕ್ಕ, ಭಾವ ಇಬ್ಬರೂ ಜಗಲಿಯಲ್ಲಿ ಮಲಗುತ್ತಿದ್ದರು. ಹುಳದ ಮನೆಗೆ ಕಟ್ಟುನಿಟ್ಟಿನ ಒಂದು ನಿಯಮ: ಯಾವ ವಾಸನೆಯೂ ಒಳಗೆ ಬರಕೂಡದು. ಒಗ್ಗರಣೆಯ ಹೊಗೆ ಬರಕೂಡದು, ಬೀಡಿ ಸೇದಿದ ಬಾಯಿ ಬರಕೂಡದು, ತಲೆಗೆ ಘಮಘಮ ಎಣ್ಣೆ ಹಚ್ಚಿದವರಂತೂ ಬಾಗಿಲ ಹತ್ತಿರವೂ ಸುಳಿಯಕೂಡದು. ಶಿರಾದ ಸಾಬರ ಅಂಗಡಿಯಲ್ಲಿ ಯಾರೋ ನನ್ನ ಅಂಗಿಗೆ ಒಂದು ತೊಟ್ಟು ಅತ್ತರು ಸವರಿದ್ದರೆಂದು ಒಮ್ಮೆ ನನ್ನನ್ನು ಬಾವಿಯ ಹತ್ತಿರ ನಿಲ್ಲಿಸಿ ತಣ್ಣೀರು ಹೊಯ್ದಿದ್ದಳು. ಒಳಗೆ ಹೋಗುವವರೆಲ್ಲ ಹೊಸಿಲಲ್ಲಿ ಅವಳ ಮುಂದೆ ಕೈ ಚಾಚಬೇಕಿತ್ತು. ಅಂಗೈ ಒಂದು ಸಲ, ಬೆರಳ ತುದಿ ಒಂದು ಸಲ ಮೂಸಿ "ಹೋಗು" ಅನ್ನುತ್ತಿದ್ದಳು. ಭಾವನಿಗೂ ವಿನಾಯಿತಿ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಹಿಡಿದದ್ದಕ್ಕಿಂತ ಹೆಚ್ಚು ಸಲ ಅವಳು ತಮ್ಮ ಕೈ ಹಿಡಿದದ್ದು ಹುಳ ಸಾಕಲು ಶುರು ಮಾಡಿದ ಮೇಲೆಯೇ ಎಂದು ಅವರು ಹೇಳುತ್ತಿದ್ದರು.

ರೇಷ್ಮೆಹುಳ ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಹಿಪ್ಪುನೇರಳೆ ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗಾಡದೆ ಕೂತಿರುತ್ತವೆ. ಆಗ ಅಕ್ಕ ಪಿಸುಮಾತಿನಲ್ಲಿ ಮಾತಾಡುತ್ತಿದ್ದಳು. ಮಕ್ಕಳಿಗೆ ಜ್ವರ ಬಂದಾಗಲೂ ಅವಳು ಇಷ್ಟು ಮೆತ್ತಗಾದದ್ದನ್ನು ನಾನು ನೋಡಿಲ್ಲ. ನಾಲ್ಕನೇ ಜ್ವರ ಕಳೆದ ಮೇಲೆ ಶುರುವಾಗುವ ಹಸಿವು ಬೇರೆಯದೇ. ಕುಕ್ಕೆಗಟ್ಟಲೆ ಸೊಪ್ಪು ಹಾಕಿ ತಿರುಗುವಷ್ಟರಲ್ಲಿ ಬರೀ ಕಡ್ಡಿ. ಹುಳ ಮೇಯುವ ಸದ್ದು, ಒಣಹುಲ್ಲಿನ ಮೇಲೆ ಯಾರೋ ಮಗ್ಗುಲು ಬದಲಿಸುತ್ತಲೇ ಇದ್ದಾರೇನೋ ಅನ್ನುವಂತೆ. ಇನ್ನು ಕೆಲವು ದಿನ ಹೀಗೆ ತಿಂದು ಮೈ ಹಣ್ಣಾದರೆ ಗೂಡು ಕಟ್ಟುತ್ತವೆ. ಆ ದಿನಗಳಲ್ಲಿ ಸೊಪ್ಪಿನ ಮೇಲೆ ಚೂರು ವಿಷ ಬಿದ್ದರೂ ಹುಳ ತುಂಬಿದ ಅಷ್ಟೂ ತಟ್ಟೆಗಳು ಒಮ್ಮೆಗೇ ಸುಮ್ಮನಾಗುತ್ತವೆ.

ಅಕ್ಕ ಒಮ್ಮೆ ಆ ಮೌನ ಕೇಳಿದ್ದಳು. ಹಿಂದಿನ ವರ್ಷ ಪಕ್ಕದ ಕಡಲೆಕಾಯಿ ಹೊಲಕ್ಕೆ ಹುಳದ ಪುಡಿ ಹೊಡೆದಾಗ ಗಾಳಿ ಅವಳ ಸೊಪ್ಪಿನ ತೋಟದ ಕಡೆ ತಿರುಗಿತ್ತು. ಹೊಲ ಬೇರೆ ಯಾರದೂ ಅಲ್ಲ, ಭಾವನ ತಮ್ಮ ರಾಮಣ್ಣನದು. ಎರಡು ಮನೆಗೂ ನಡುವೆ ಒಂದೇ ಗೋಡೆ, ಎರಡು ಹೊಲಕ್ಕೂ ನಡುವೆ ಒಂದೇ ಬದು, ಬದುವಿನ ಮೇಲೆ ಹರಳುಗಿಡದ ಸಾಲು. ಪುಡಿಯನ್ನು ತೆಳುಬಟ್ಟೆಯ ಗಂಟಿನಲ್ಲಿ ಕಟ್ಟಿ, ಕೋಲಿನ ತುದಿಗೆ ಸಿಕ್ಕಿಸಿ, ಗಿಡಗಳ ಮೇಲೆ ಅಲ್ಲಾಡಿಸುತ್ತ ಹೋಗುವುದು ಆಗಿನ ಪದ್ಧತಿ. ಹಿಟ್ಟು ಜರಡಿ ಹಿಡಿದ ಹಾಗೆ. ಗಾಳಿಗೆ ಬದು ಯಾವುದು, ಅಣ್ಣತಮ್ಮ ಬೇರಾದದ್ದು ಯಾವಾಗ ಎಂದು ಗೊತ್ತಿರುವುದಿಲ್ಲ.

ಅಂದಿನಿಂದ ಅಕ್ಕನಿಗೂ ರಾಮಣ್ಣನ ಹೆಂಡತಿ ನರಸಮ್ಮನಿಗೂ ಮಾತಿರಲಿಲ್ಲ. ಮಾತಿರಲಿಲ್ಲ ಎಂದರೆ ಸುಮ್ಮನಿದ್ದರು ಎಂದಲ್ಲ. ಅಕ್ಕ ಹಿತ್ತಲಲ್ಲಿ ಕರುವಿಗೆ ಹೇಳುತ್ತಿದ್ದಳು: "ಲೇ, ಕಂಡೋರ ಕಸ ನಮ್ಮ ಬಾಗ್ಲಿಗೆ ಗುಡಿಸೋರ ಮನೆ ಕಡೆ ಹೋಗ್ಬ್ಯಾಡ." ಗೋಡೆಯ ಆಚೆ ನರಸಮ್ಮ ತನ್ನ ಕೋಳಿಗೆ ಹೇಳುತ್ತಿದ್ದಳು: "ಗಾಳಿ ಬೀಸಿದ್ಕೂ ನಾವೇ ಕಾರಣ ಅನ್ನೋರ್ ಹತ್ರ ನಿಂಗೇನೇ ಕೆಲ್ಸ? ಇತ್ಲಾಗ್ ರಾ." ಅವಳು ಪಾವಗಡದ ಕಡೆಯ ಹೆಣ್ಣು. ಸಿಟ್ಟು ಬಂದರೆ ಅರ್ಧ ತೆಲುಗಿಗೆ ಇಳಿಯುತ್ತಿದ್ದಳು. ಆ ಕರು, ಆ ಕೋಳಿ ಒಂದು ವರ್ಷದಲ್ಲಿ ಕೇಳಿಸಿಕೊಂಡಷ್ಟು ನೀತಿಯನ್ನು ನಾನು ಮಕ್ಕಳಿಗೆ ಇಡೀ ಜನ್ಮದಲ್ಲಿ ಹೇಳಿಲ್ಲ.

ನಾನು ಹೋದಾಗ ಅಕ್ಕನ ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು. ಅದೇ ಹೊತ್ತಿಗೆ ರಾಮಣ್ಣನ ಕಡಲೆಕಾಯಿ ಹೊಲಕ್ಕೆ ಕಂಬಳಿಹುಳ ಬಿದ್ದಿತ್ತು. ಮೈತುಂಬ ಕೆಂಚು ಕೂದಲು, ಏನೋ ಅವಸರದ ಕೆಲಸವಿರುವವರ ಹಾಗೆ ಒಂದು ಗಿಡದಿಂದ ಇನ್ನೊಂದಕ್ಕೆ ಓಡುತ್ತಿದ್ದವು. ರಾಮಣ್ಣ ಪುಡಿಯ ಗಂಟು ಕಟ್ಟಿ ಸೂರಿಗೆ ತೂಗುಹಾಕಿದ್ದ. ಅದು ಅಕ್ಕನ ಹಿತ್ತಲಿನಿಂದ ಕಾಣುತ್ತಿತ್ತು. ಅವಳು ಬಾವಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದನ್ನು ನೋಡುತ್ತಿದ್ದಳು.

"ನೀನು ಹೋಗಿ ಹೇಳ್ಲಾ," ಅಂದಳು ನನಗೆ. "ಹುಳ ಗೂಡಿಗೆ ಹತ್ತೋಗಂಟ ತಡ್ಕಳಿ ಅನ್ನು. ಮೇಷ್ಟ್ರು ಅಂತ ನಿನ್ನ ಮಾತಿಗೆ ಮರ್ಯಾದೆ ಕೊಟ್ರೂ ಕೊಟ್ಟಾರು."

ಒಂದು ಕರು ಮತ್ತು ಒಂದು ಕೋಳಿಯ ಕೆಲಸಕ್ಕೆ ನಾನು ಹೀಗೆ ಭರ್ತಿಯಾದೆ.

ನರಸಮ್ಮ ಹೊಲದಲ್ಲಿ ಕಂಬಳಿಹುಳಗಳನ್ನು ಕಡ್ಡಿಯಿಂದ ಎತ್ತಿ ಬೂದಿನೀರಿನ ಡಬ್ಬಕ್ಕೆ ಹಾಕುತ್ತಿದ್ದಳು. ನಾನು ವಿಷಯ ಹೇಳಿದೆ. ತಲೆ ಎತ್ತದೆ ಕೇಳಿದಳು.

"ಮೇಷ್ಟ್ರೇ, ನಿಮ್ಮಕ್ಕ ಸಾಕಿರೋದೂ ಹುಳವೇ, ನಮ್ಮ ಹೊಲಕ್ಕೆ ಬಂದಿರೋದೂ ಹುಳವೇ. ಅವ್ರ ಹುಳ ಹೊಟ್ಟೆತುಂಬ ಉಣ್ಲಿ ಅಂತ ನಮ್ಮ ಹುಳಾನೂ ಉಣ್ಣಾಕೆ ಬುಡ್ಬೇಕಾ? ನಾನು ತಾನೆ ಎಷ್ಟು ಆಯ್ಲಿ?" ಆಮೇಲೆ ದನಿ ಇಳಿಸಿ, "ಹೋದ್ವರ್ಷ ನಾನೂ ಊಟ ಮಾಡ್ಲಿಲ್ಲ ಕಣಪ್ಪ ಆವತ್ತು. ಅದನ್ನ ಯಾರಿಗ್ ಹೇಳ್ಲಿ, ಕೋಳಿಗಾ?" ಅಂದಳು.

ನ್ಯಾಯ ಎರಡೂ ಕಡೆ ಸಮವಾಗಿದ್ದರೆ ನಡುವೆ ನಿಂತವನಿಗೆ ಬದುವಿನ ಮೇಲೆ ಕೂರುವುದೊಂದೇ ದಾರಿ. ಕೂತೆ. ಅಲ್ಲಿ, ಹರಳಿನ ಎಲೆಯ ಅಡಿಯಲ್ಲಿ, ಅದು ಕಂಡಿತು.

ಅದನ್ನು ಮೊದಲು ಕಂಡದ್ದು ನಾನು ಎಂದು ನನ್ನ ನೆನಪು ಹೇಳುತ್ತದೆ. ತಾನು ಎಂದು ನರಸಮ್ಮ ಹೇಳುತ್ತಾಳೆ. ಅಲ್ಲಿಗೆ ಬಂದೇ ಇರದ ಅಕ್ಕ ಕೂಡ ಈಚೆಗೆ ತಾನೇ ಎನ್ನತೊಡಗಿದ್ದಾಳೆ. ಯಾರೇ ಆಗಲಿ, ಕಂಡದ್ದು ಇದು: ಒಂದು ಕಂಬಳಿಹುಳ ತಲೆಕೆಳಗಾಗಿ ಜೋಲಾಡುತ್ತಿತ್ತು. ಅದಕ್ಕೆ ಬಾಯಿಯ ಸೂಜಿಯಂಥ ಕೊಂಡಿ ಚುಚ್ಚಿ ಮೇಲೆ ಕೂತಿತ್ತು, ಬೀಗರ ಮನೆಯಲ್ಲಿ ಎಳನೀರು ಕುಡಿಯುವ ಗಾಂಭೀರ್ಯದಲ್ಲಿ, ಒಂದು ನಾತದ ಹುಳ. ಕಂದು ಬಣ್ಣ, ಭುಜಗಳ ಎರಡು ಕಡೆ ಚೂಪು ಮುಳ್ಳು.

"ಛೀ, ಕಂಪು ಪುರುಗು," ಅಂದಳು ನರಸಮ್ಮ, ಕಡ್ಡಿ ಎತ್ತುತ್ತ. ತೆಲುಗಿನಲ್ಲಿ ಕಂಪು ಎಂದರೆ ದುರ್ನಾತವಂತೆ. ನಮ್ಮ ಕಡೆ ಹೂವಿಗೆ ಹೇಳುವ ಮಾತು ಗಡಿ ದಾಟುತ್ತಲೇ ಹೀಗಾಗುತ್ತದೆ. ಅವಳಿಗೆ ಗೊತ್ತಿದ್ದದ್ದು ಅವರೆಯ ರಸ ಹೀರುವ ಹುಳ. ಆ ನಾತ ಬಂದರೆ ಅದು ಬೆಳೆಯ ಶತ್ರು, ಬೂದಿನೀರಿಗೆ ಹಾಕು: ಇದು ಅವಳ ಅಜ್ಜಿಯ ಕಾಲದಿಂದ ಬಂದ ಲೆಕ್ಕ. ತಪ್ಪೂ ಅಲ್ಲ. ಈ ವಂಶದಲ್ಲಿ ಹೆಚ್ಚಿನವರು ಗಿಡದ ರಸ ಕುಡಿದೇ ಬದುಕುವವರು. ಕೆಲವರು ಮಾತ್ರ ಯಾವ ಕಾಲದಲ್ಲೋ ದಾರಿ ಬದಲಿಸಿ, ಎಲೆ ತಿನ್ನುವ ಹುಳಗಳನ್ನೇ ಹೀರಲು ಕಲಿತರು. ಮುಖ ಅದೇ, ಗುರಾಣಿ ಅದೇ, ನಾತವೂ ಅದೇ. ಕೊಂಡಿ ಮಾತ್ರ ಸ್ವಲ್ಪ ದಪ್ಪ. ಒಂದೇ ಗೋಡೆಯ ಎರಡು ಕಡೆ ಇರುವ ಅಣ್ಣತಮ್ಮಂದಿರ ಹಾಗೆ, ಅಡುಗೆಮನೆ ನೋಡದೆ ಯಾರು ಯಾರೆಂದು ಹೇಳುವಂತಿಲ್ಲ.

ಇದನ್ನೆಲ್ಲ ಕ್ಲಾಸಿನಲ್ಲಿ ಹೇಳುವಂತೆಯೇ ಹೇಳಿದೆ. ಮಕ್ಕಳಂತೆ ನರಸಮ್ಮನೂ ನಂಬಲಿಲ್ಲ. ಆದರೆ ಕಡ್ಡಿ ಕೆಳಗಿಟ್ಟಳು. ಅವಳ ಕಣ್ಣು ಪಕ್ಕದ ಎಲೆಯ ಮೇಲಿತ್ತು. ಅಲ್ಲಿ ಅದೇ ಹುಳದ ಮರಿಗಳು, ಕೆಂಪು ಕಪ್ಪು ಗುಂಡಿಗಳಂತೆ, ಒಂದೇ ಕಂಬಳಿಹುಳದ ಸುತ್ತ ಪಂಕ್ತಿಗೆ ಕೂತಿದ್ದವು.

"ಅಬ್ಬಾ, ಇಡೀ ಸಂಸಾರವೇ ಬಂದೈತೆ," ಅಂದಳು. ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ಹರಳಿನ ಸಾಲಿನುದ್ದಕ್ಕೂ ಎಲೆ ಮಗುಚುತ್ತ ಹೋದಳು. ಮನೆಗೆ ಬಂದು ಹಿತ್ತಲಲ್ಲಿ ನಿಂತು ಗಂಡನಿಗೆ ಕೂಗಿ ಹೇಳಿದಳು: "ಇನ್ನೊಂದು ಸಂತೆ ಬರೋಗಂಟ ಗಂಟು ಬಿಚ್ಬ್ಯಾಡಿ. ಇವು ಏನ್ ಮಾಡ್ತವೋ ನೋಡಾನ. ಆಮ್ಯಾಕೆ ನಾನ್ ಯಾರ ಮಾತೂ ಕೇಳಾಕಿಲ್ಲ." ಕೊನೆಯ ಮಾತು ಗಂಡನಿಗಲ್ಲ, ಗೋಡೆಯ ಆಚೆಗೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಪಠ್ಯಪುಸ್ತಕಕ್ಕೆ ಚೆನ್ನಾಗಿತ್ತು. ರೈತಮಿತ್ರ ಹುಳ, ಕೆಳಗೆ ಒಂದು ಚಿತ್ರ, ಮೂರು ಪ್ರಶ್ನೆ. ಆದರೆ ಹುಳ ಪಠ್ಯಪುಸ್ತಕ ಓದಿರುವುದಿಲ್ಲ. ಅದಕ್ಕೆ ಎಲೆ ತಿನ್ನುವ, ಮೆತ್ತಗಿನ, ನಿಧಾನದ ಹುಳ ಬೇಕು. ಅಂಥದ್ದು ಕೂದಲಿಲ್ಲದೆ, ಬೆಳ್ಳಗೆ, ತಟ್ಟೆಯಲ್ಲಿ ಜೋಡಿಸಿಟ್ಟ ಹಾಗೆ ಸಿಕ್ಕರೆ?

ಮಾರನೆಯ ಬೆಳಿಗ್ಗೆಯೋ ಅದರ ಮಾರನೆಯದೋ, ಅಕ್ಕ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದವಳು ಥಟ್ಟನೆ ನಿಂತು ಮೂಗು ಅರಳಿಸಿದಳು. ಹಿತ್ತಲಿಗೆ ಬಂದು ಕರುವಿಗೆ, "ಹುಳ ಮೇಯೋ ಹೊತ್ತಲ್ಲಿ ಅದ್ಯಾವ ಹಾಳು ಒಗ್ಗರಣೆ ಹಾಕ್ತಾರೋ ಜನ," ಅಂದಳು. ಗೋಡೆಯ ಆಚೆಯಿಂದ ಕೋಳಿಗೆ ಉತ್ತರ ಬಂತು: "ನಮ್ಮನೇಲಿ ಇನ್ನೂ ಒಲೆನೇ ಹಚ್ಚಿಲ್ಲ ಕಣೇ." ಅಕ್ಕ ನನ್ನ ಕೈ ಮೂಸಿದಳು. ಭಾವನ ಕೈ ಮೂಸಿದಳು. ಆಮೇಲೆ ಒಂದೊಂದೇ ತಟ್ಟೆಯ ಮೇಲೆ ಬಗ್ಗುತ್ತ ಹೋಗಿ, ಬಾಗಿಲ ಹತ್ತಿರದ ಸ್ಟ್ಯಾಂಡಿನಲ್ಲಿ ಅದನ್ನು ಕಂಡಳು. ಬದುವಿನ ಪಕ್ಕದ ಸಾಲಿನಿಂದ ಕೊಯ್ದ ಸೊಪ್ಪಿನೊಂದಿಗೆ ಕುಕ್ಕೆಯಲ್ಲಿ ಕೂತು ಬಂದಿತ್ತು. ಒಂದು ರೇಷ್ಮೆಹುಳ ಅದರ ಕೊಂಡಿಯ ತುದಿಯಲ್ಲಿ ಬತ್ತಿದ ಬತ್ತಿಯಂತೆ ಜೋತಿತ್ತು.

ಅವಳು ಕಿರುಚಲಿಲ್ಲ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಹುಳದ ಮನೆಗೆ ಯಾರೂ ಚಪ್ಪಲಿ ತರುವಂತಿಲ್ಲ. ಮೂಲೆಯಲ್ಲಿ ಪೊರಕೆ ಇತ್ತು. ಎತ್ತಿಕೊಂಡಳು.

"ಇದೇ ಅಲ್ವೇನ್ಲಾ ನೀನು ಹೇಳಿದ್ದು? ಅವ್ಳ ಹೊಲ ಕಾಯೋ ಹುಳ?"

ಹೌದೆಂದೆ.

"ಹರಳುಗಿಡದಲ್ಲಿ ಬಾಳ ಅವೆಯಾ?"

ಬಹಳ ಇವೆ ಎಂದೆ.

ಅವಳು ಕಿಟಕಿಯಿಂದ ಬದುವಿನ ಕಡೆ ನೋಡಿದಳು. ಅವಳ ತಲೆಯಲ್ಲಿ ಏನು ನಡೆಯುತ್ತಿದೆಯೆಂದು ಊಹಿಸುವುದು ಕಷ್ಟವಿರಲಿಲ್ಲ. ಪೊರಕೆ ಹಿಡಿದು ಹರಳಿನ ಸಾಲಿನ ಮೇಲೆ ಒಂದು ಸಲ ಹೋಗಿ ಬಂದರೆ ಅವಳ ತಟ್ಟೆಗಳಿಗೆ ಈ ಭಯವಿಲ್ಲ. ಆದರೆ ಆಮೇಲೆ ಕಂಬಳಿಹುಳಕ್ಕೆ ಹಬ್ಬ, ರಾಮಣ್ಣನ ಕೈಗೆ ಗಂಟು, ಗಾಳಿಗೆ ಪುಡಿ. ನಾತದ ಹುಳವನ್ನು ಬಿಟ್ಟರೆ ಅವಳ ಹುಳ ಒಂದೊಂದಾಗಿ ಹೋಗುತ್ತವೆ, ಕೊಂದರೆ ಒಟ್ಟಿಗೆ ಹೋಗಬಹುದು. ಸಾಕಿದವಳಿಗೆ ಒಂದು ಹೋಗುವುದೂ ಹೋಗುವುದೇ. ಪೊರಕೆ ಹಿಡಿದುಕೊಂಡೇ ಕೂತಳು. ಸುತ್ತಲೂ ಹುಳಗಳು ಮೇಯುತ್ತಲೇ ಇದ್ದವು.

ನಾನು ಏನಾದರೂ ಹೇಳಿದೆನೇ? ಜೀವಸರಪಳಿಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿದಂತೆ ನನಗೆ ನೆನಪು. ಬಹುಶಃ ಹೇಳಿಲ್ಲ. ಆ ಮಾತು ಅಷ್ಟು ಚೆನ್ನಾಗಿರುವುದರಿಂದಲೇ ನನಗೆ ಅನುಮಾನ.

ಕೊನೆಗೆ ಅಕ್ಕ ಪೊರಕೆ ಇಟ್ಟಳು. ಒಂದು ಸೊಪ್ಪಿನೆಲೆಯನ್ನು ಹುಳದ ಹೊಟ್ಟೆಯಡಿಗೆ ತೂರಿಸಿ, ಅದನ್ನು ಬೆದರಿಸದಂತೆ, ಹಾಲು ತುಂಬಿದ ಲೋಟ ಒಯ್ಯುವಂತೆ ಒಯ್ದಳು. ಆದರೂ ಅದು ತನ್ನ ನಾತ ಬಿಟ್ಟಿತು. ಹಿತ್ತಲ ಗೋಡೆಯ ಹತ್ತಿರ ಹೋಗಿ ನಿಂತಳು. ಕರು ಕಿವಿ ನಿಮಿರಿಸಿತು. ಅಕ್ಕ ಅದರ ಕಡೆ ನೋಡಲಿಲ್ಲ.

"ನರಸಮ್ಮ."

ಆಚೆ ಕಡೆ ಪಾತ್ರೆ ತಿಕ್ಕುವ ಸದ್ದು ನಿಂತಿತು. ಒಂದು ವರ್ಷದಿಂದ ಆ ಹೆಸರನ್ನು ಆ ಗೋಡೆ ಕೇಳಿರಲಿಲ್ಲ. ನರಸಮ್ಮನ ತಲೆ ಮೇಲೆ ಬಂತು.

"ನಿಮ್ಮುಳ ನಮ್ಮನೇಗ್ ಬಂದಿತ್ತು. ಇಸ್ಕೋ."

ನರಸಮ್ಮ ಎಲೆಯನ್ನು ನೋಡಿದಳು, ಅಕ್ಕನ ಮುಖ ನೋಡಿದಳು. ಬೂದಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಎಲೆ ಇಸಿದುಕೊಂಡಳು.

"ತಿಂತೇನಕ್ಕ?"

"ಒಂದನ್ನ ತಿಂತು."

"ಅಯ್ಯೋ," ಅಂದಳು ನರಸಮ್ಮ. ಎಲೆಯನ್ನು ಇನ್ನೊಮ್ಮೆ ನೋಡಿ, "ಕೂದ್ಲು ತಿಂದೂ ತಿಂದೂ ಬ್ಯಾಸ್ರ ಬಂದಿರ್ತೈತೆ ಅದ್ಕೆ. ನಿನ್ನವು ನುಣ್ಣಗೆ ಬೆಣ್ಣೆ ಹಂಗೆ ಇರ್ತವಲ್ಲ," ಅಂದಳು.

"ನಿನ್ನ ಮನೆ ಹುಳಕ್ಕೆ ನಾಲಗೆ ಉದ್ದ ಕಣೆ, ನಿನ್ನಂಗೆಯ."

ಇಬ್ಬರೂ ನಗಲಿಲ್ಲ. ನಗುವಷ್ಟು ಇನ್ನೂ ಹತ್ತಿರವಾಗಿರಲಿಲ್ಲ. ಆದರೆ ಕೋಳಿಗೂ ಕರುವಿಗೂ ಅಂದಿನಿಂದ ಕೆಲಸ ಹೋಯಿತು.

ಆಮೇಲೆ ಅಲ್ಲೊಂದು ಹೊಸ ಪದ್ಧತಿ ಹುಟ್ಟಿತು. ಕೊಯ್ದ ಸೊಪ್ಪನ್ನು ಹುಳದ ಮನೆಗೆ ಒಯ್ಯುವ ಮುಂಚೆ ಅಂಗಳದಲ್ಲಿ ಬಿಳಿ ಪಂಚೆಯ ಮೇಲೆ ಕೊಡವುವುದು. ಉದುರಿದ ನಾತದ ಹುಳಗಳನ್ನು ಎಲೆಯಲ್ಲಿ ಎತ್ತಿ ಗೋಡೆಯಾಚೆ ಕೊಡುವುದು. ಬೇಲಿ ದಾಟಿ ಬಂದ ಪಕ್ಕದ ಮನೆಯ ಕೋಳಿಯನ್ನು ಹಿಂದಿರುಗಿಸಿದ ಹಾಗೆ. ನರಸಮ್ಮ ಅವನ್ನು ಒಯ್ದು ಹೊಲದ ಆ ತುದಿಗೆ ಬಿಟ್ಟು ಬರುತ್ತಿದ್ದಳು. ಅಷ್ಟಾದರೂ ಕೆಲವು ಅಕ್ಕನ ತಟ್ಟೆಗೆ ಬಂದವು. ಅಕ್ಕ ಬೈದಳು, ಎತ್ತಿದಳು, ಕೊಟ್ಟಳು.

ಸಂತೆಯ ದಿನ ಬಂತು, ಹೋಯಿತು. ಗಂಟು ಸೂರಿನಲ್ಲೇ ಇತ್ತು. ಕಡಲೆಕಾಯಿ ಗಿಡ ಉಳಿಯಿತು. ಉಳಿಸಿದ್ದು ನಾತದ ಹುಳವೇ ಎಂದು ನಾನು ಸಹಿ ಹಾಕಲಾರೆ. ನಡುವೆ ಒಂದು ಮಳೆ ಹುಯ್ದು ಕಂಬಳಿಹುಳ ಕೊಚ್ಚಿಹೋದದ್ದೂ ಉಂಟು. ಕಾಗೆಗಳು ಬಂದದ್ದೂ ಉಂಟು. ನರಸಮ್ಮ ಬೆನ್ನು ನೋಯುವವರೆಗೆ ಆಯ್ದದ್ದೂ ಉಂಟು. ಅಂಚಿನ ಸಾಲುಗಳು ಬೋಳಾಗಿಯೇ ಹೋದವು. ಶಿರಾಕ್ಕೆ ಹಿಂದಿರುಗಿದ ಮೇಲೆ ಮಕ್ಕಳಿಗೆ ಮಾತ್ರ ಹುಳವೇ ಉಳಿಸಿತು ಎಂದು ಹೇಳಿದೆ. ಹತ್ತನೇ ಕ್ಲಾಸಿಗೆ ಇಷ್ಟು ಅನುಮಾನ ತಡೆಯುವುದಿಲ್ಲ.

ಒಂದು ವಿಷಯ ಮಾತ್ರ ನನ್ನನ್ನು ಕೆಣಕುತ್ತದೆ. ಮಿತ್ರ ಎಂದೆವು, ಶತ್ರು ಎಂದೆವು. ಆ ಹುಳ ಬದುವಿನ ಈಚೆ ಕೊಂಡಿ ಚುಚ್ಚಿದರೂ ಆಚೆ ಚುಚ್ಚಿದರೂ ಅದಕ್ಕೆ ಅದು ಬೆಳಗಿನ ಊಟ ಅಷ್ಟೆ. ಬದು ಎಳೆದವರು ನಾವು. ಇನ್ನು ಕಂಬಳಿಹುಳದ ಕಡೆಯಿಂದ ಈ ಪ್ರಬಂಧವನ್ನು ಯಾರಾದರೂ ಬರೆದರೆ ಅದರಲ್ಲಿ ನಾನು ಖಳನಾಯಕನಾಗಿರುವ ಸಾಧ್ಯತೆಯೇ ಹೆಚ್ಚು.

ಹುಳ ಹಣ್ಣಾದ ದಿನ ನಾನಿನ್ನೂ ಅಲ್ಲೇ ಇದ್ದೆ. ಹಣ್ಣಾದ ಹುಳದ ಮೈ ದೀಪದೆದುರು ಹಿಡಿದ ದ್ರಾಕ್ಷಿಯಂತಿರುತ್ತದೆ. ಆಗ ತಡಮಾಡುವಂತಿಲ್ಲ. ಒಂದೊಂದನ್ನೂ ಕೈಯಿಂದ ಆಯ್ದು, ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ಇಲ್ಲದಿದ್ದರೆ ಕಂಡಕಂಡಲ್ಲಿ ನೂಲು ಬಿಟ್ಟು ಹಾಳಾಗುತ್ತವೆ. ಅಕ್ಕ, ಭಾವ, ನಾನು ಸಾಲಲಿಲ್ಲ. ಹಿಂದಿನ ವರ್ಷಗಳಲ್ಲಾಗಿದ್ದರೆ ಅಕ್ಕ ಊರಿನ ಆ ತುದಿಯಿಂದ ಜನ ಕರೆಸುತ್ತಿದ್ದಳು. ಅಂದು ಕರೆಯುವ ಮುಂಚೆಯೇ ನರಸಮ್ಮ ಹೊಸಿಲಲ್ಲಿ ನಿಂತಿದ್ದಳು. ತಲೆಗೆ ಸ್ನಾನ ಮಾಡಿದ್ದಳು, ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ನಿಯಮದಂತೆ ಎರಡೂ ಕೈ ಮುಂದೆ ಚಾಚಿದಳು.

ಅಕ್ಕ ಹಿಡಿದು ಮೂಸಿದಳು. ಅಂಗೈ ಒಂದು ಸಲ. ಬೆರಳ ತುದಿಗೆ ಬಂದಾಗ ಅವಳ ಮೂಗು ನಿಂತಿತು.

"ಸೀಗೇಕಾಯಿ ಹಾಕಿ ಉಜ್ದೆ ಕಣಕ್ಕ," ನರಸಮ್ಮ ತಗ್ಗಿದ ದನಿಯಲ್ಲಿ ಅಂದಳು. "ಬೆಳಿಗ್ಗೆ ನೀನು ಕೊಟ್ಟಿದ್ನ ಬುಟ್ಟು ಬಂದೆನಲ್ಲ. ಎಷ್ಟು ತೊಳುದ್ರೂ ಹೋಗವಲ್ದು. ಆಗಾಕಿಲ್ಲ ಅಂದ್ರೆ ಹೇಳು, ಇಲ್ಲೇ ಹೊರಗೆ ಚಂದ್ರಿಕೆ ಹಿಡ್ಕೊಂಡು ಕೂತ್ಕೋತೀನಿ."

ಅಕ್ಕ ಆ ಕೈಗಳನ್ನು ಬಿಡಲಿಲ್ಲ. ಇನ್ನೊಂದು ಸಲ ಮೂಸಿದಳು. ನಾನು ಅತ್ತರಿಗಾಗಿ ಬಾವಿಯ ಹತ್ತಿರ ನಡುಗಿದವನು, ನೋಡುತ್ತಿದ್ದೆ.

"ಇದು ನಮ್ಮನೇ ವಾಸ್ನೆನೇ," ಅಂದಳು ಅಕ್ಕ. "ಬಾ, ಹೊತ್ತಾಯ್ತದೆ."

ಮೊನ್ನೆ ಅಕ್ಕ ಈ ಕಥೆಯನ್ನು ಯಾರಿಗೋ ಹೇಳುತ್ತಿದ್ದಳು. ಅವಳ ಕಥೆಯಲ್ಲಿ ನಾತ ಬರುತ್ತಿದ್ದದ್ದು ತನ್ನ ಕೈಯಿಂದಲೇ, ಮೂಸಿ "ಬಾ" ಎಂದದ್ದು ನರಸಮ್ಮ. ನಾನು ತಿದ್ದಲು ಹೋಗಲಿಲ್ಲ. ಮನೆಗೆ ಬಂದು ಅವರೆಕಾಯಿಯ ಮೊರದ ಮುಂದೆ ಕೂತೆ, ಬೆರಳಿಗೆ ಏನಾದರೂ ಸಿಕ್ಕೀತೆಂದು.